ಅಟ್ಟದ ಮೇಲಿನ ಬಾಣಂತಿ: ಟೊರಾಂಟೊ ನಗರದ ರಕೂನುಗಳ ಒಂದು ಚರಿತ್ರೆ

(ನಮ್ಮ ಕೂಟದ ವಸಂತಕಾಲದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಈ ದಿನದ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯವನ್ನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ದೂರವಾಣಿಯ ಆ ತುದಿಯಲ್ಲಿ ಒಂದು ಗಳಿಗೆ ಮೌನವಾದರು. ಇತಿಹಾಸದ ಉಪನ್ಯಾಸವೆಂದರೆ ಕದಂಬರೋ ಹೊಯ್ಸಳರೋ ವಿಜಯನಗರವೋ ಬರಬೇಕೆಂಬುದು ವಾಡಿಕೆ. ರಕೂನಿಗೆ ಎಂತಹ ಇತಿಹಾಸ ಎಂದು ಅವರು ಕೇಳಲಿಲ್ಲ. ಅದು ಅವರ ಸೌಜನ್ಯ. ಆದರೆ ಈ ಸಭೆಯಲ್ಲಿ ಕುಳಿತಿರುವ ಮನೆಯೊಡೆಯರಲ್ಲಿ ಅರ್ಧದಷ್ಟು ಮಂದಿಯಾದರೂ ಒಂದಲ್ಲ ಒಂದು ರಾತ್ರಿ ಮಾಡಿನ ಮೇಲಿನ ಹೆಜ್ಜೆಯ ಸದ್ದಿಗೆ ಎಚ್ಚೆತ್ತಿರುತ್ತಾರೆ, ಬೆಳಗಾಗುವಾಗ ಕಸದ ಡಬ್ಬಿ ಉರುಳಿ ಅಂಗಳದ ತುಂಬ ಹರಡಿರುವುದನ್ನು ಕಂಡಿರುತ್ತಾರೆ. ನಾವು ವಾಸಿಸುವ ಊರಿನ ಚರಿತ್ರೆಯಲ್ಲಿ ಈ ಪ್ರಾಣಿಗೂ ಒಂದು ಪಾತ್ರವಿದೆ. ಆ ಚರಿತ್ರೆಯನ್ನು ನಾನು ತಿಳಿಯಹೊರಟದ್ದು ಕುತೂಹಲದಿಂದಲ್ಲ, ಪಶ್ಚಾತ್ತಾಪದಿಂದ. ಆದುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

1993ರ ಮೇ ತಿಂಗಳು. ಸ್ಕಾರ್ಬರೋದಲ್ಲಿ ನಾವು ಮನೆ ಕೊಂಡು ಎರಡನೆಯ ವರ್ಷ. ತೀರ್ಥಹಳ್ಳಿಯಿಂದ ನನ್ನ ತಾಯಿ ಮೊದಲ ಸಲ ಬಂದಿದ್ದರು. ಒಂದು ರಾತ್ರಿ ಮಾಡಿನ ಕೆಳಗೆ ಏನೋ ಓಡಾಡಿದ ಸದ್ದಾಯಿತು. ಹಂಚಿನ ಮನೆಯಲ್ಲಿ ಬಾಳಿದವರಿಗೆ ಅಟ್ಟದ ಸದ್ದು ಹೊಸದಲ್ಲ. "ಇಲ್ಲೂ ಪುನುಗಿನ ಬೆಕ್ಕು ಇದ್ಯೇನೋ?" ಎಂದು ಕೇಳಿ ತಾಯಿಯವರು ಮಗ್ಗುಲು ಬದಲಾಯಿಸಿ ನಿದ್ದೆಹೋದರು. ನನಗೆ ನಿದ್ದೆ ಬರಲಿಲ್ಲ. ಮರುದಿನ ದೂರವಾಣಿ ಪುಸ್ತಕದಲ್ಲಿ ಹುಡುಕಿ ಒಬ್ಬಾತನನ್ನು ಕರೆಸಿದೆ. ಆತ ಮೀನಿನ ಡಬ್ಬಿಯೊಂದನ್ನು ಇಟ್ಟು ಪಂಜರ ಹೂಡಿದ. ಬೆಳಗಾಗುವಷ್ಟರಲ್ಲಿ ದೊಡ್ಡದೊಂದು ರಕೂನ್ ಒಳಗಿತ್ತು. ಕೊಲ್ಲುವುದು ಬೇಡವೆಂದು ನಾನು ಒತ್ತಿ ಹೇಳಿದೆ. "ಊರಾಚೆಯ ಕಾಡಿನಲ್ಲಿ ಬಿಡುತ್ತೇನೆ, ಚಿಂತೆ ಬೇಡ" ಎಂದು ಆತ ಪಂಜರವನ್ನು ವಾಹನಕ್ಕೇರಿಸಿ, ಮಾಡಿನ ಅಂಚಿನಲ್ಲಿದ್ದ ಕಂಡಿಗೆ ಹಲಗೆ ಬಡಿದು, ಹಣ ಪಡೆದು ಹೊರಟುಹೋದ. ಒಂದು ಜೀವಕ್ಕೆ ಉಪಕಾರ ಮಾಡಿದೆನೆಂಬ ತೃಪ್ತಿ ನನಗಿತ್ತು.

ಎರಡು ದಿನ ಕಳೆದ ಮೇಲೆ ಅಟ್ಟದಿಂದ ಸಣ್ಣ ದನಿ ಕೇಳತೊಡಗಿತು. ಮೊದಲು ಹಕ್ಕಿಮರಿಗಳೆಂದುಕೊಂಡೆವು. ತಾಯಿಯವರು ಮಾತ್ರ ಸ್ವಲ್ಪ ಹೊತ್ತು ಕಿವಿಗೊಟ್ಟು, ಮುಖ ಸಪ್ಪಗೆ ಮಾಡಿಕೊಂಡು, "ಬಾಣಂತಿನ ಹೊರಗೆ ಹಾಕಿಬಿಟ್ರೇನೋ?" ಎಂದರು. ಏಣಿ ಹಾಕಿ ಹತ್ತಿ ನೋಡಿದೆ. ಗುಲಾಬಿ ಬಣ್ಣದ ಉಷ್ಣನಿರೋಧಕ ಹತ್ತಿಯ ನಡುವೆ ಇನ್ನೂ ಕಣ್ಣು ತೆರೆಯದ ನಾಲ್ಕು ಮರಿಗಳಿದ್ದವು. ಒಂದು ಆಗಲೇ ತಣ್ಣಗಾಗಿತ್ತು. ಉಳಿದ ಮೂರನ್ನು, ತಬ್ಬಲಿ ವನ್ಯಮೃಗಗಳನ್ನು ಸಾಕಿ ಬಿಡುವ ಮಹಿಳೆಯೊಬ್ಬರಿಗೆ ಒಪ್ಪಿಸಿದೆವು. ಎರಡು ಬದುಕಿದವೆಂದು ಆಕೆ ಶರತ್ಕಾಲದಲ್ಲಿ ತಿಳಿಸಿದರು. ತಾಯಿ ರಕೂನಿನ ಗತಿ ಏನಾಯಿತೋ ಯಾರಿಗೂ ತಿಳಿಯದು.

ಕ್ರೌರ್ಯದಿಂದ ಮಾಡಿದ ಕೆಲಸವಾಗಿದ್ದರೆ ಅದನ್ನು ಮರೆಯುವುದು ಸುಲಭವಾಗುತ್ತಿತ್ತೇನೋ. ಇದು ದಯೆಯಿಂದ ಮಾಡಿದ್ದು. ಹಿಡಿದು ದೂರ ಬಿಡುವುದೇ ದಯೆ ಎಂಬ ನಂಬಿಕೆ ನನ್ನೊಬ್ಬನದಾಗಿರಲಿಲ್ಲ. ಆ ಕಾಲದಲ್ಲಿ ಈ ಖಂಡದಲ್ಲೆಲ್ಲ ಅದು ರೂಢಿಯಾಗಿತ್ತು. ಆ ರೂಢಿ ಹೇಗೆ ಬಂದಿತು, ಏನು ಅನಾಹುತ ಮಾಡಿತು, ಅದರ ಸ್ಥಾನದಲ್ಲಿ ಇಂದು ಏನಿದೆ ಎಂಬುದೇ ನನ್ನ ಉಪನ್ಯಾಸದ ವಸ್ತು.

ಹೆಸರು, ಚರ್ಮ ಮತ್ತು ಅಕ್ಕರೆ

ರಕೂನ್ ಎಂಬ ಹೆಸರು ಇಂಗ್ಲಿಷಿನದಲ್ಲ. 17ನೆಯ ಶತಮಾನದ ಆರಂಭದಲ್ಲಿ ವರ್ಜೀನಿಯದಲ್ಲಿ ನೆಲೆಸಲು ಬಂದ ಆಂಗ್ಲರು ಅಲ್ಲಿಯ ಪೌಹಟನ್ ಜನರಿಂದ ಅದನ್ನು ಕಲಿತರು. ಕ್ಯಾಪ್ಟನ್ ಜಾನ್ ಸ್ಮಿತ್ ತನ್ನ ಬರಹದಲ್ಲಿ ಅದನ್ನು ತನಗೆ ಕೇಳಿಸಿದಂತೆ ದಾಖಲಿಸಿದ್ದಾನೆ. ಕೈಗಳಿಂದ ಉಜ್ಜುವುದು, ಕೆರೆಯುವುದು ಎಂಬುದು ಆ ಪದದ ಅರ್ಥವೆಂದು ವಿದ್ವಾಂಸರು ಹೇಳುತ್ತಾರೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ಕರಡಿಯ ಬಳಗಕ್ಕೆ ಸೇರಿಸಿ 'ತೊಳೆಯುವ ಕರಡಿ' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಕರಡಿಯ ಕುಲದಿಂದ ಇದನ್ನು ಬೇರ್ಪಡಿಸಿ ಪ್ರೋಸಯನ್ ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದ್ದು 1780ರಲ್ಲಿ. ಜರ್ಮನರು ಮಾತ್ರ ಇಂದಿಗೂ ಇದನ್ನು 'ತೊಳೆಯುವ ಕರಡಿ' ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಅದು ಆಹಾರವನ್ನು ಶುಚಿಗಾಗಿ ತೊಳೆಯುವುದಿಲ್ಲ. ತೊರೆಯ ಅಂಚಿನಲ್ಲಿ ಏಡಿಯನ್ನೂ ಕಪ್ಪೆಯನ್ನೂ ನೀರೊಳಗೆ ಕೈಯಾಡಿಸಿ ಹುಡುಕುವುದು ಅದರ ಹುಟ್ಟುಗುಣ. ಕಣ್ಣಿನ ಕೆಲಸವನ್ನೂ ಬಹುಮಟ್ಟಿಗೆ ಅದರ ಅಂಗೈಗಳೇ ಮಾಡುತ್ತವೆ. ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗದಲ್ಲಿ ಬಹುಪಾಲು ಅಂಗೈಗಳಿಗೇ ಮೀಸಲು. ಈ ಕೈಗಳ ಸಂಗತಿಯನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ನಮ್ಮ ನಗರಸಭೆ ಕೋಟಿಗಟ್ಟಲೆ ಹಣ ವೆಚ್ಚ ಮಾಡಬೇಕಾಗಿ ಬಂದದ್ದು ಈ ಕೈಗಳಿಂದಲೇ.

ಮೂರು ಶತಮಾನಗಳ ಕಾಲ ಬಿಳಿಯರಿಗೆ ರಕೂನ್ ಎಂದರೆ ಚರ್ಮ ಮತ್ತು ಮಾಂಸ. 1920ರ ದಶಕದಲ್ಲಿ ಅಮೆರಿಕದ ಕಾಲೇಜು ತರುಣರಿಗೆ ರಕೂನ್ ತುಪ್ಪಳದ ಉದ್ದನೆಯ ಕೋಟು ಪ್ರತಿಷ್ಠೆಯ ಗುರುತಾಗಿತ್ತು. 1950ರ ದಶಕದ ಮಧ್ಯದಲ್ಲಿ ಡೇವಿ ಕ್ರಾಕೆಟ್ ಎಂಬ ವೀರನ ಕಥೆ ದೂರದರ್ಶನದಲ್ಲಿ ಬಂದಾಗ, ಬಾಲವಿರುವ ಅವನ ತುಪ್ಪಳದ ಟೊಪ್ಪಿಗೆಗಾಗಿ ಮಕ್ಕಳೆಲ್ಲ ಹಟ ಹಿಡಿದರು. ಆದರೆ ಅಷ್ಟರಲ್ಲಿಯೇ ಇನ್ನೊಂದು ಭಾವನೆಯೂ ಮೊಳೆತಿತ್ತು. 1926ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರಿಗೆ ಮಿಸಿಸಿಪಿಯಿಂದ ಜೀವಂತ ರಕೂನೊಂದು ಬಂದಿತು. ಕಳುಹಿಸಿದವರ ಉದ್ದೇಶ ಅದು ಕೃತಜ್ಞತಾ ಹಬ್ಬದ ಊಟಕ್ಕಾಗಲಿ ಎಂಬುದು. ಅಧ್ಯಕ್ಷರ ಮನೆಯವರು ಅದನ್ನು ಅಡುಗೆಮನೆಗೆ ಕಳುಹಿಸದೆ ರೆಬೆಕ್ಕಾ ಎಂದು ಹೆಸರಿಟ್ಟು, ಕೊರಳಪಟ್ಟಿ ಕಟ್ಟಿ ಶ್ವೇತಭವನದಲ್ಲಿಯೇ ಸಾಕಿದರು. ಅಡುಗೆಯ ಪದಾರ್ಥವೊಂದು ಹೀಗೆ ಸಾಕುಪ್ರಾಣಿಯಾದದ್ದು ಬದಲಾಗುತ್ತಿದ್ದ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ.

ಅಕ್ಕರೆಗೂ ಅದರದೇ ಅಪಾಯಗಳಿದ್ದವು. 1934ರ ಏಪ್ರಿಲಿನಲ್ಲಿ ಜರ್ಮನಿಯ ಹೆಸ್ಸೆ ಪ್ರಾಂತದ ಎಡರ್ ಸರೋವರದ ಬಳಿ ಎರಡು ಜೋಡಿ ರಕೂನುಗಳನ್ನು ಕಾಡಿಗೆ ಬಿಟ್ಟರು. ಇಂದು ಸಮೀಪದ ಕಾಸೆಲ್ ನಗರದ ಮಾಡುಗಳಲ್ಲೆಲ್ಲ ಅವು ತುಂಬಿಕೊಂಡಿವೆ. ಜಪಾನಿನಲ್ಲಿ 1977ರಲ್ಲಿ ರಾಸ್ಕಲ್ ಎಂಬ ರಕೂನ್ ಮರಿಯ ಕಥೆ ಚಿತ್ರಮಾಲಿಕೆಯಾಗಿ ದೂರದರ್ಶನದಲ್ಲಿ ಬಂದು ಮನೆಮಾತಾಯಿತು. ಮರಿಗಳನ್ನು ಅಮೆರಿಕದಿಂದ ತರಿಸಿ ಸಾಕಿದರು. ಬೆಳೆದು ಕಚ್ಚತೊಡಗಿದಾಗ ಕಾಡಿಗೆ ಬಿಟ್ಟರು. ಅವು ಹೊಲಗಳನ್ನೂ ಹಳೆಯ ಮರದ ದೇವಾಲಯಗಳನ್ನೂ ಹಾಳುಮಾಡತೊಡಗಿದ ಮೇಲೆ, 2005ರಲ್ಲಿ ಜಾರಿಗೆ ಬಂದ ಪರದೇಶಿ ಜೀವಿಗಳ ಕಾಯಿದೆಯ ಅಡಿಯಲ್ಲಿ ಅವುಗಳನ್ನು ತರುವುದನ್ನೂ ಸಾಕುವುದನ್ನೂ ನಿರ್ಬಂಧಿಸಬೇಕಾಯಿತು.

ಪಂಜರದಲ್ಲಿ ಹೊರಟ ರೋಗ

ಎರಡನೆಯ ಮಹಾಯುದ್ಧದ ನಂತರ ಟೊರಾಂಟೊ ಸುತ್ತಲಿನ ಹೊಲಗಳ ಮೇಲೆ ಹಬ್ಬಿತು. ಆದರೆ ಊರನ್ನು ಸೀಳಿಕೊಂಡು ಹರಿಯುವ ಡಾನ್, ಹಂಬರ್, ರೂಜ್ ನದಿಗಳ ಕಣಿವೆಗಳಲ್ಲಿ ಬಹಳಷ್ಟು ಭಾಗ ಮನೆಗಳಿಲ್ಲದೆ ಹಸಿರಾಗಿ ಉಳಿದವು. ಅಲ್ಲಿ ನೀರಿದೆ, ಹಳೆಯ ಮರಗಳ ಪೊಟರೆಗಳಿವೆ. ದಂಡೆ ಹತ್ತಿದರೆ ಮನೆಗಳ ಕಸದ ಡಬ್ಬಿಗಳಿವೆ. ಮರದ ಪೊಟರೆಗೂ ಮನೆಯ ಅಟ್ಟಕ್ಕೂ ರಕೂನಿನ ದೃಷ್ಟಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಅಟ್ಟವೇ ಹೆಚ್ಚು ಬೆಚ್ಚಗೆ. ಹೀಗೆ ನಮ್ಮ ನಗರ 'ಜಗತ್ತಿನ ರಕೂನ್ ರಾಜಧಾನಿ' ಎಂಬ ಬಿರುದನ್ನು ಪಡೆಯಿತು.

ಅಟ್ಟದೊಳಗೆ ಬಂದ ಪ್ರಾಣಿಯನ್ನು ಕೊಲ್ಲಲು ಪಟ್ಟಣಿಗರ ಮನಸ್ಸು ಒಪ್ಪಲಿಲ್ಲ. ಪಂಜರದಲ್ಲಿ ಹಿಡಿದು ಕಾಡಿನಲ್ಲಿ ಬಿಡುವುದು ನಡುದಾರಿಯಾಗಿ ಕಂಡಿತು. ನಮ್ಮ ನಾಡಿನಲ್ಲಿಯೂ ಪೇಟೆಯ ಕೋತಿಗಳನ್ನು ಹಿಡಿಸಿ ದೂರದ ಕಾಡಿಗೆ ಬಿಡಿಸುವ ರೂಢಿಯನ್ನು ತಾವೆಲ್ಲರೂ ಬಲ್ಲಿರಿ. ಬಿಟ್ಟ ಮೇಲೆ ಏನಾಗುತ್ತದೆ ಎಂದು ನೋಡಲು ಯಾರೂ ಹೋಗುವುದಿಲ್ಲ. ಒಂಟಾರಿಯೋದಲ್ಲಿ ಹಾಗೆ ನೋಡಹೋದ ವಿಜ್ಞಾನಿಗಳಲ್ಲಿ ರಿಕ್ ರೊಸಾಟೆ ಮತ್ತು ಚಾರ್ಲ್ಸ್ ಮ್ಯಾಕಿನ್ನಿಸ್ ಪ್ರಮುಖರು. ನಗರದಿಂದ ಹಳ್ಳಿಗಾಡಿಗೆ ಸಾಗಿಸಿದ ರಕೂನುಗಳನ್ನು ಕುರಿತು ಅವರು 1989ರಲ್ಲಿ ಪ್ರಕಟಿಸಿದ ವರದಿ ಹಿತಕರವಾಗಿರಲಿಲ್ಲ. ಬಿಟ್ಟ ಸ್ಥಳದಲ್ಲಿ ಅವು ನೆಲೆನಿಲ್ಲಲಿಲ್ಲ, ನೆಲೆಯನ್ನರಸಿ ಮೈಲಿಗಟ್ಟಲೆ ಅಲೆದವು, ಅನೇಕವು ಸತ್ತವು. ಇರುವ ಪೊಟರೆಗಳನ್ನೂ ಆಹಾರದ ತಾಣಗಳನ್ನೂ ಅಲ್ಲಿಯ ರಕೂನುಗಳು ಮೊದಲೇ ಹಂಚಿಕೊಂಡಿರುತ್ತವೆ. ಹೊಸದಾಗಿ ಬಂದ ಜೀವಕ್ಕೆ ಎಲ್ಲಿ ನೀರು, ಎಲ್ಲಿ ಮರೆ, ಎಲ್ಲಿ ರಸ್ತೆ ಎಂಬುದೊಂದೂ ತಿಳಿಯದು.

ಇದಕ್ಕಿಂತ ದೊಡ್ಡ ಅನಾಹುತ ಅಮೆರಿಕದಲ್ಲಿ ನಡೆದಿತ್ತು. ರಕೂನುಗಳಲ್ಲಿ ಹರಡುವ ಒಂದು ಬಗೆಯ ರೇಬೀಸ್ ರೋಗ 1940ರ ದಶಕದಿಂದ ಫ್ಲಾರಿಡಾದಲ್ಲಿತ್ತು. ಮೂರು ದಶಕಗಳ ಕಾಲ ಅದು ಕಾಡಿನಿಂದ ಕಾಡಿಗೆ ತೆವಳುತ್ತ ಆಗ್ನೇಯ ರಾಜ್ಯಗಳೊಳಗೇ ಇತ್ತು. 1970ರ ದಶಕದಲ್ಲಿ ಬೇಟೆಗಾರರ ಸಂಘಗಳು ತಮ್ಮ ಕಾಡುಗಳಲ್ಲಿ ಬೇಟೆ ಕಡಿಮೆಯಾಯಿತೆಂದು ಅಲ್ಲಿಂದ ಸಾವಿರಾರು ರಕೂನುಗಳನ್ನು ತರಿಸಿ ವರ್ಜೀನಿಯದ ಸುತ್ತಮುತ್ತ ಬಿಟ್ಟವು. ಅವುಗಳ ಜೊತೆಗೆ ರೋಗವೂ ಬಂದಿತು. 1977ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ಮೊದಲ ಪ್ರಕರಣ ಕಂಡಿತು. ಅಲ್ಲಿಂದ ಅದು ಉತ್ತರಕ್ಕೆ ಪೆನ್ಸಿಲ್ವೇನಿಯವನ್ನು ಹಾದು 1990ರಲ್ಲಿ ನ್ಯೂಯಾರ್ಕ್ ರಾಜ್ಯವನ್ನೂ, 1999ರ ಬೇಸಗೆಯಲ್ಲಿ ಸೇಂಟ್ ಲಾರೆನ್ಸ್ ನದಿಯನ್ನು ದಾಟಿ ನಮ್ಮ ಒಂಟಾರಿಯೋವನ್ನೂ ತಲುಪಿತು. ತನ್ನ ಪಾಡಿಗೆ ತೆವಳುತ್ತಿದ್ದ ರೋಗಕ್ಕೆ ನೂರಾರು ಮೈಲಿಗಳನ್ನು ಒಂದೇ ನೆಗೆತಕ್ಕೆ ದಾಟಿಸಿದ್ದು ಮನುಷ್ಯನ ವಾಹನ.

ರೇಬೀಸ್ ಎಂಬ ಹೆಸರು ನಮ್ಮ ಪೀಳಿಗೆಯವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಯ ಮೇಲೆ ಹದಿನಾಲ್ಕು ಚುಚ್ಚುಮದ್ದು ಎಂದು ಹೆದರಿಸಿಕೊಂಡೇ ನಾವು ಬೆಳೆದವರು. ಆ ಮದ್ದು 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ್ದು, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದುದು. ಭಾರತದಲ್ಲಿ ಅದರ ಬಳಕೆ ನಿಂತದ್ದು 2004ರ ಸುಮಾರಿಗೆ. ರೋಗಲಕ್ಷಣ ತೋರಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಈ ನಾಡಿನಲ್ಲಿ ರಕೂನಿನಿಂದ ಮನುಷ್ಯರಿಗೆ ಅದು ತಗಲಿದ್ದು ಅತ್ಯಂತ ಅಪರೂಪವೆಂಬುದು ನಿಜ. ಆ ಅಪರೂಪವನ್ನು ಕಾಯ್ದುಕೊಳ್ಳಲು ಸರ್ಕಾರಗಳು ಪಟ್ಟ ಪಾಡು ಸಣ್ಣದಲ್ಲ.

ಒಂಟಾರಿಯೋ ಸರ್ಕಾರ 1999ರಿಂದ ರೋಗ ಕಂಡ ಸ್ಥಳಗಳ ಸುತ್ತ ರಕೂನುಗಳನ್ನು ಕೊಂದಿತು. ಅದರಾಚೆಯ ವಲಯದಲ್ಲಿ ಹಿಡಿದು, ಲಸಿಕೆ ಹಾಕಿ, ಹಿಡಿದಲ್ಲಿಯೇ ಬಿಟ್ಟಿತು. 2005ರ ಹೊತ್ತಿಗೆ, ಸುಮಾರು 130 ಪ್ರಕರಣಗಳ ನಂತರ, ರೋಗ ಅಡಗಿತು. ಆಮೇಲೆ ಸಿಹಿಯಾದ ಸುವಾಸನೆಯ ಲಸಿಕೆಯ ತುತ್ತುಗಳನ್ನು ವಿಮಾನದಿಂದಲೂ ಕೈಯಿಂದಲೂ ಕಾಡು ಕಣಿವೆಗಳಲ್ಲಿ ಚೆಲ್ಲುವ ಕ್ರಮ ಬಂದಿತು. ಹತ್ತು ವರ್ಷ ನೆಮ್ಮದಿಯಾಗಿತ್ತು. 2015ರ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಎರಡು ನಾಯಿಗಳೊಡನೆ ಕಾದಾಡಿದ ರಕೂನೊಂದನ್ನು ಪರೀಕ್ಷಿಸಿದಾಗ ಮತ್ತೆ ಅದೇ ರೋಗ! ರೋಗಾಣುವಿನ ವಂಶಾವಳಿಯನ್ನು ಹುಡುಕಿದಾಗ ಅದು ಹತ್ತಿರದ ಗಡಿಯದಲ್ಲ, ದೂರದ ನ್ಯೂಯಾರ್ಕ್ ರಾಜ್ಯದ ಆಗ್ನೇಯ ಭಾಗದ್ದೆಂದು ತೋರಿತು. ಯಾವುದೋ ಸರಕಿನ ವಾಹನದಲ್ಲಿ ಅವಿತು ಬಂದ ಪ್ರಾಣಿಯಿಂದ ಅದು ಬಂದಿರಬೇಕೆಂಬುದು ತಜ್ಞರ ಊಹೆ. ಮುಂದಿನ ವರ್ಷಗಳಲ್ಲಿ ನೂರಾರು ರಕೂನುಗಳಿಗೂ ಸ್ಕಂಕುಗಳಿಗೂ ಅದು ಹರಡಿತು. ಒಂದು ಪ್ರಾಣಿಯ ಒಂದು ಪ್ರಯಾಣ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಕಾನೂನು ಹೇಳುವುದು

ಈ ಅನುಭವಗಳ ಹಿನ್ನೆಲೆಯಲ್ಲಿ ಒಂಟಾರಿಯೋದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೋಡಬೇಕು. ಅದು 1997ರದು, 1999ರ ಜನವರಿಯಿಂದ ಜಾರಿಗೆ ಬಂದದ್ದು. ಆಸ್ತಿಗೆ ಹಾನಿ ಮಾಡುತ್ತಿರುವ ಪ್ರಾಣಿಯನ್ನು ಓಡಿಸಲು, ಹಿಡಿಯಲು ಮನೆಯೊಡೆಯನಿಗೆ ಅಧಿಕಾರವಿದೆ. ಆದರೆ ಅನಾವಶ್ಯಕ ನೋವು ಕೊಡುವಂತಿಲ್ಲ. ಜೀವಂತ ಹಿಡಿದರೆ 24 ಗಂಟೆಯೊಳಗೆ, ಹಿಡಿದ ಸ್ಥಳದ ಸಮೀಪದಲ್ಲಿಯೇ ಬಿಡಬೇಕು. ಸಮೀಪವೆಂದರೆ ಒಂದು ಕಿಲೋಮೀಟರಿನೊಳಗೆ ಎಂದು ಸರ್ಕಾರ ವಿವರಿಸಿದೆ. 1993ರಲ್ಲಿ ನಾನು ಹಣ ಕೊಟ್ಟು ಮಾಡಿಸಿದ ಕೆಲಸ ಇಂದು ಕಾನೂನಿಗೆ ವಿರುದ್ಧ.

ಈ ನಿಯಮವನ್ನು ಮೊದಲ ಸಲ ಓದಿದಾಗ, ಒಂದು ಕಿಲೋಮೀಟರ್ ದೂರದಲ್ಲಿ ಬಿಟ್ಟರೆ ಅದು ಸಂಜೆಯೊಳಗೆ ಮನೆಗೆ ಹಿಂದಿರುಗುವುದಿಲ್ಲವೇ ಎಂದು ನನಗೂ ನಗು ಬಂದಿತ್ತು. ವಾಸ್ತವವಾಗಿ ನಿಯಮದ ಮರ್ಮ ಅಲ್ಲಿಯೇ ಇದೆ. ಪ್ರಾಣಿಯನ್ನು ಸಾಗಿಸುವುದರಿಂದ ಮನೆಗೆ ರಕ್ಷಣೆ ಸಿಕ್ಕುವುದಿಲ್ಲ. ಕಂಡಿ ಮುಚ್ಚುವುದರಿಂದ ಸಿಕ್ಕುತ್ತದೆ. ಕಂಡಿ ತೆರೆದಿದ್ದರೆ ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ. ಕಂಡಿ ಭದ್ರವಾಗಿದ್ದರೆ ಅದು ನಮ್ಮ ಅಂಗಳದಲ್ಲಿಯೇ ಸುಳಿದಾಡಿದರೂ ಅಟ್ಟ ಹತ್ತಲಾರದು. ಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಸುಝಾನ್ ಮ್ಯಾಕ್‌ಡೊನಾಲ್ಡ್ ನಗರದ ರಕೂನುಗಳಿಗೆ ಉಪಗ್ರಹ ಸಂಕೇತದ ಕೊರಳಪಟ್ಟಿ ತೊಡಿಸಿ ನೋಡಿದಾಗ, ಅವು ಕೆಲವೇ ಬೀದಿಗಳ ಒಳಗೆ, ದೊಡ್ಡ ರಸ್ತೆಗಳನ್ನು ಆದಷ್ಟೂ ದಾಟದೆ, ಜೀವನ ಸಾಗಿಸುವುದು ಕಂಡಿತು. ನಮ್ಮ ಬೀದಿಯ ರಕೂನ್ ನಮ್ಮ ಬೀದಿಯದೇ.

ಏಕಮುಖ ಬಾಗಿಲು

ಹಾಗಾದರೆ ಒಳಗಿರುವ ಜೀವವನ್ನು ಹೊರಡಿಸುವುದು ಹೇಗೆ? 2006ರ ಮೇ ತಿಂಗಳಲ್ಲಿ ನಮ್ಮ ಅದೇ ಮಾಡಿನ ಇನ್ನೊಂದು ಮೂಲೆಯಲ್ಲಿ ಸದ್ದಾದಾಗ ನಾನು ಕಂಡ ಕ್ರಮವನ್ನೇ ವಿವರಿಸುತ್ತೇನೆ.

ಈ ಸಲ ಬಂದ ತರುಣಿ ಪಂಜರ ತರಲಿಲ್ಲ. ಮೊದಲು ಮಾಡಿನ ಸುತ್ತ ಹತ್ತಿ ನೋಡಿದಳು. ಎರಡು ಇಳಿಜಾರುಗಳು ಕೂಡುವ ಸಂದಿನಲ್ಲಿ ಸೂರಿನ ಕೆಳಹಲಗೆಯನ್ನು ತಳ್ಳಿ ತಾಯಿ ಒಳಹೊಕ್ಕಿತ್ತು. ಮಾಡಿನ ಗಾಳಿಕಿಂಡಿ, ಮುಚ್ಚಳವಿಲ್ಲದ ಹೊಗೆಕೊಳವೆ, ಕೊಳೆತ ಅಂಚುಪಟ್ಟಿ ಇವೆಲ್ಲ ಅವುಗಳ ಹೆಬ್ಬಾಗಿಲುಗಳಂತೆ. ಆಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ ಮರಿಗಳ ಸದ್ದು ಕೇಳುತ್ತಿದೆಯೇ ಎಂಬುದು. ರಕೂನಿನ ಗರ್ಭ 63 ದಿನಗಳಷ್ಟು. ಇಲ್ಲಿಯ ಹವೆಯಲ್ಲಿ ಮಾರ್ಚ್ ಕೊನೆಯಿಂದ ಮೇ ವರೆಗೆ ಮೂರರಿಂದ ಐದು ಮರಿಗಳು ಹುಟ್ಟುವುದು ಸಾಮಾನ್ಯ. ಕಣ್ಣು ತೆರೆಯಲು ಮೂರು ವಾರ ಬೇಕು; ತಾಯಿಯ ಹಿಂದೆ ನಡೆದು ಹೊರಬರಲು ಎರಡು ತಿಂಗಳಾದರೂ ಬೇಕು. ಆದುದರಿಂದ ವಸಂತಕಾಲದಲ್ಲಿ ಅಟ್ಟದಲ್ಲಿರುವುದು ಹೆಣ್ಣು ರಕೂನಾದರೆ ಅದು ಬಾಣಂತಿಯೆಂದೇ ಭಾವಿಸಿ ನಡೆಯಬೇಕು. ನನ್ನ ತಾಯಿ ಯಾವ ಪುಸ್ತಕವನ್ನೂ ಓದದೆ ಹೇಳಿದ್ದೂ ಅದನ್ನೇ.

ದಪ್ಪ ಕೈಗವಸು ತೊಟ್ಟ ಆಕೆ ಅಟ್ಟದಿಂದ ಮೂರು ಮರಿಗಳನ್ನು ತೆಗೆದು, ಬೆಚ್ಚಗಿನ ಪೆಟ್ಟಿಗೆಯೊಂದರಲ್ಲಿಟ್ಟು, ಮಾಡಿನ ಮೇಲೆ ಕಂಡಿಯ ಪಕ್ಕದಲ್ಲಿಯೇ ಇರಿಸಿದಳು. ಕಂಡಿಗೆ ಒಂದು ಬಾಗಿಲು ಹೂಡಿದಳು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ಎಳೆದರೂ ತೆರೆಯದ ಬಾಗಿಲು ಅದು. ಬೇರೆ ದುರ್ಬಲ ಸಂದುಗಳಿಗೆಲ್ಲ ತುಕ್ಕು ಹಿಡಿಯದ ಉಕ್ಕಿನ ಜಾಲರಿಯನ್ನು ತಿರುಪುಮೊಳೆಗಳಿಂದ ಬಿಗಿದಳು. ಯಾವ ತಾಯಿ ರಕೂನಿಗೂ ಒಂದೇ ಮನೆಯಿರುವುದಿಲ್ಲ. ಆಪತ್ತಿಗೆಂದು ಎರಡು ಮೂರು ನೆಲೆಗಳನ್ನು ಅದು ತಿಳಿದಿಟ್ಟುಕೊಂಡಿರುತ್ತದೆ. ಒಳಗೆ ಮರಿಗಳಿದ್ದರೆ ಅದು ಮಾಡನ್ನೇ ಕಿತ್ತು ಒಳನುಗ್ಗುತ್ತದೆ; ಮರಿಗಳು ಹೊರಗೆ ಕೈಗೆ ಸಿಕ್ಕಿದರೆ ಮಾಡಿನ ತಂಟೆಗೆ ಬರುವುದಿಲ್ಲ. ಈ ವಿಧಾನದ ಬುದ್ಧಿವಂತಿಕೆಯೆಲ್ಲ ಇಷ್ಟೇ: ಬಲವಂತ ಮಾಡುವುದಿಲ್ಲ, ಆ ಜೀವ ತಾನಾಗಿ ಮಾಡುವುದನ್ನೇ ಮಾಡಲು ಬಿಡುತ್ತದೆ.

ಪ್ರಾಣಿ ಹೊರಟುಹೋಗಿದೆಯೇ ಎಂದು ತಿಳಿಯುವ ಸುಲಭ ಉಪಾಯವನ್ನೂ ಆಕೆ ಹೇಳಿಕೊಟ್ಟಳು. ಕಂಡಿಗೆ ಹಳೆಯ ಪತ್ರಿಕೆಯನ್ನು ಸಡಿಲವಾಗಿ ತುರುಕಿ ಕೆಲವು ರಾತ್ರಿ ಕಾಯಬೇಕು. ಅದು ಅಲುಗದಿದ್ದರೆ ಒಳಗೆ ಯಾರೂ ಇಲ್ಲ. ಕಡುಚಳಿಯಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬಬಾರದು. ಆಗ ಅವು ಹೊರಗೆ ಬಾರದೆ ವಾರಗಟ್ಟಲೆ ಮಲಗಿರುತ್ತವೆ. ಹಿತ್ತಿಲ ಮರದ ಜಗುಲಿಯ ಅಡಿಗೆ ಅವು ನುಸುಳದಂತೆ ಜಾಲರಿಯನ್ನು ಒಂದಡಿ ಆಳಕ್ಕೆ ಹೂತು, ಬುಡವನ್ನು ಹೊರಮುಖವಾಗಿ ಮಡಿಸಬೇಕು.

ಶುಚಿ ಮಾಡುವಾಗ ಎಚ್ಚರ ಬೇಕು. ರಕೂನುಗಳು ಒಂದೇ ಸ್ಥಳದಲ್ಲಿ ಮಲವಿಸರ್ಜನೆ ಮಾಡುತ್ತವೆ. ಅದರಲ್ಲಿ ದುಂಡುಹುಳುವೊಂದರ ಮೊಟ್ಟೆಗಳಿರಬಹುದು. ಎರಡು ಮೂರು ವಾರಗಳಲ್ಲಿ ಅವು ಸೋಂಕು ತಗಲಿಸುವ ಸ್ಥಿತಿಗೆ ಬರುತ್ತವೆ. ಮಣ್ಣಿನ ಕೈಯನ್ನು ಬಾಯಿಗಿಡುವ ಎಳೆಯ ಮಕ್ಕಳಿಗೆ ಇದರಿಂದ ಮಿದುಳಿಗೇ ಅಪಾಯ ತಟ್ಟಿದ ಉದಾಹರಣೆಗಳಿವೆ. ಸಾಮಾನ್ಯ ಕ್ರಿಮಿನಾಶಕಗಳಿಗೆ ಈ ಮೊಟ್ಟೆಗಳು ಜಗ್ಗುವುದಿಲ್ಲ, ಕುದಿಯುವ ನೀರಿಗೆ ಸಾಯುತ್ತವೆ. ಮುಖಕ್ಕೆ ಮುಸುಕು, ಕೈಗೆ ಗವಸು ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ವೈದ್ಯರನ್ನು ಕಾಣಬೇಕು. ಮರಿ ಎಷ್ಟೇ ಮುದ್ದಾಗಿದ್ದರೂ ಮಕ್ಕಳು ಅದನ್ನು ಮುಟ್ಟಲು ಬಿಡಬಾರದು.

ಕಸದ ಡಬ್ಬಿಯ ಕದನ

ಅಟ್ಟ ಭದ್ರವಾದರೂ ಅನ್ನ ಹೊರಗಿದ್ದರೆ ಪ್ರಯೋಜನವಿಲ್ಲ. ಅಡುಗೆಮನೆಯ ಹಸಿಕಸವನ್ನು ಬೇರೆಯಾಗಿ ಸಂಗ್ರಹಿಸುವ ಹಸಿರು ಡಬ್ಬಿಯ ಯೋಜನೆಯನ್ನು ಟೊರಾಂಟೊ ನಗರಸಭೆ 2002ರಲ್ಲಿ ಆರಂಭಿಸಿತು. ಪರಿಸರದ ದೃಷ್ಟಿಯಿಂದ ಅದು ಸ್ತುತ್ಯವಾದ ಕೆಲಸ. ರಕೂನುಗಳ ದೃಷ್ಟಿಯಿಂದ, ಊರಿನ ಊಟವನ್ನೆಲ್ಲ ಆರಿಸಿ ಒಂದೇ ಪಾತ್ರೆಯಲ್ಲಿ ಬಡಿಸಿಟ್ಟಂತಾಯಿತು. ಡಬ್ಬಿಯ ಮುಚ್ಚಳವನ್ನು ತೆರೆಯಲು ಆ ಕೈಗಳಿಗೆ ಹೆಚ್ಚು ಕಾಲ ಹಿಡಿಯಲಿಲ್ಲ.

ಜನರ ಸಹನೆ ಎಲ್ಲಿಯವರೆಗೆ ಕೆಟ್ಟಿತ್ತೆಂಬುದು 2011ರಲ್ಲಿ ಬಯಲಾಯಿತು. ಆ ಬೇಸಗೆಯಲ್ಲಿ ನಗರದ ನಿವಾಸಿಯೊಬ್ಬರು ತಮ್ಮ ತೋಟದಲ್ಲಿ ರಕೂನ್ ಮರಿಗಳನ್ನು ಸಲಿಕೆಯಿಂದ ಹೊಡೆದರೆಂದು ಪೊಲೀಸರು ಮೊಕದ್ದಮೆ ಹೂಡಿದರು. ಪ್ರಾಣಿಪ್ರಿಯರು ಬೀದಿಗಿಳಿದರು, ತೋಟ ಹಾಳಾದವರ ಕಷ್ಟವನ್ನು ಕೇಳುವವರಿಲ್ಲವೇ ಎಂದವರೂ ಇದ್ದರು. ನಾಲ್ಕು ವರ್ಷಗಳ ನಂತರ ಇದೇ ನಗರ ತನ್ನ ಇನ್ನೊಂದು ಮುಖವನ್ನು ತೋರಿತು. 2015ರ ಜುಲೈಯಲ್ಲಿ ಯಂಗ್ ರಸ್ತೆಯ ಕಾಲುದಾರಿಯಲ್ಲಿ ರಕೂನೊಂದು ಸತ್ತು ಬಿದ್ದಿತ್ತು. ನಗರಸಭೆಯವರು ಬರುವುದು ತಡವಾದಾಗ ದಾರಿಹೋಕರು ಅದಕ್ಕೆ ಕಾನ್ರಾಡ್ ಎಂದು ಹೆಸರಿಟ್ಟು, ಹೂವು, ಮೇಣದಬತ್ತಿ, ಚೌಕಟ್ಟು ಹಾಕಿದ ಚಿತ್ರ ಇವನ್ನೆಲ್ಲ ಇಟ್ಟು ಶ್ರದ್ಧಾಂಜಲಿ ಸಲ್ಲಿಸಿದರು. ಅದು ಅರ್ಧ ತಮಾಷೆ. ಉಳಿದರ್ಧ ತಮಾಷೆಯಲ್ಲವೆಂದು ನನ್ನ ಭಾವನೆ.

2016ರಲ್ಲಿ ನಗರಸಭೆ ಸುಮಾರು 3 ಕೋಟಿ 10 ಲಕ್ಷ ಡಾಲರ್ ವೆಚ್ಚದಲ್ಲಿ ಹೊಸ ಹಸಿರು ಡಬ್ಬಿಗಳನ್ನು ಮನೆಮನೆಗೂ ಹಂಚತೊಡಗಿತು. ತಿರುಗಿಸಿ ತೆರೆಯುವ ಅದರ ಚಿಲಕಕ್ಕೆ ನಮ್ಮಂತೆ ಬೆರಳುಗಳಿಗೆ ಎದುರಾಗಿ ನಿಲ್ಲುವ ಹೆಬ್ಬೆರಳು ಬೇಕು, ರಕೂನಿಗೆ ಅದಿಲ್ಲ. ಅಲ್ಲಿಗೆ ಕದನ ಮುಗಿಯಿತೆಂದು ಎಲ್ಲರೂ ಭಾವಿಸಿದರು. 2018ರಲ್ಲಿ ಟೊರಾಂಟೊ ಸ್ಟಾರ್ ಪತ್ರಿಕೆಯ ವರದಿಗಾರ್ತಿಯೊಬ್ಬರು ತಮ್ಮ ಮನೆಯ ಬಳಿ ಹೆಣ್ಣು ರಕೂನೊಂದು ಡಬ್ಬಿಯನ್ನು ಕೆಡವಿ ಚಿಲಕವನ್ನು ತಿರುಗಿಸುವುದನ್ನು ಚಿತ್ರೀಕರಿಸಿ ಪ್ರಕಟಿಸಿದರು. ಆದರೂ ಬಹುಪಾಲು ಡಬ್ಬಿಗಳು ಭದ್ರವಾಗಿಯೇ ಉಳಿದವು. ಡಬ್ಬಿಯನ್ನು ಗೋಡೆಗೆ ಕಟ್ಟಿ ನಿಲ್ಲಿಸಿ, ಸಂಗ್ರಹದ ದಿನ ಬೆಳಿಗ್ಗೆಯೇ ಹೊರಗಿಡುವುದು ನಮ್ಮ ಪಾಲಿನ ಕೆಲಸ.

ಮುಗಿಸುವ ಮುನ್ನ

ಕನ್ನಡ ಬಂಧುಗಳೇ, ಈ ಚರಿತ್ರೆಯಿಂದ ನಾನು ಕಲಿತದ್ದನ್ನು ದೊಡ್ಡ ಮಾತುಗಳಲ್ಲಿ ಹೇಳಲಾರೆ. ಕೊಲ್ಲಬಾರದೆಂಬ ನಮ್ಮ ಸಂಸ್ಕಾರ ಒಳ್ಳೆಯದು. ಆದರೆ ಕಣ್ಣಿಗೆ ಕಾಣದಷ್ಟು ದೂರ ಕಳುಹಿಸಿದರೆ ಪಾಪ ತಗಲುವುದಿಲ್ಲವೆಂಬ ಎಣಿಕೆ ಆ ಸಂಸ್ಕಾರದ ಭಾಗವಲ್ಲ. ಪಂಜರ ಎಲ್ಲಿಗೆ ಹೋಗುತ್ತದೆ ಎಂದು ಆ ದಿನ ನಾನು ಕೇಳಬೇಕಾಗಿತ್ತು. ಒಳಗೆ ಇನ್ನಾರಾದರೂ ಇದ್ದಾರೆಯೇ ಎಂದು ಅದಕ್ಕಿಂತ ಮೊದಲು ಕೇಳಬೇಕಾಗಿತ್ತು. ಮಾಡಿನ ದುರಸ್ತಿಯನ್ನು ಮರಿಗಳು ಬೆಳೆದು ಚದುರುವ ಶರತ್ಕಾಲದಲ್ಲಿ, ಅಟ್ಟ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು ಮಾಡಿಸಿದರೆ ಈ ಎರಡು ಪ್ರಶ್ನೆಗಳೂ ಏಳುವುದಿಲ್ಲ. ಹೊಸದಾಗಿ ಮನೆ ಕೊಂಡಿರುವ ನಮ್ಮ ಕಿರಿಯರು ಇದನ್ನಾದರೂ ಮನಸ್ಸಿನಲ್ಲಿಡಬೇಕೆಂದು ಕೋರುತ್ತೇನೆ.

2006ರ ಆ ರಾತ್ರಿ ನಾನೂ ನನ್ನ ಪತ್ನಿಯೂ ದೀಪವಾರಿಸಿ, ಮಾಡಿನ ಆ ಮೂಲೆ ಕಾಣುವ ಮಹಡಿಯ ಕಿಟಕಿಯ ಬಳಿ ಕುಳಿತಿದ್ದೆವು. ಹನ್ನೊಂದರ ಸುಮಾರಿಗೆ ತಾಯಿ ರಕೂನ್ ಬಂದಿತು. ಪೆಟ್ಟಿಗೆಯನ್ನು ಮೂಸಿ, ಮುಚ್ಚಳವನ್ನು ಸರಿಸಿ, ಒಂದು ಮರಿಯ ಕತ್ತಿನ ಹಿಂಭಾಗವನ್ನು ಬಾಯಲ್ಲಿ ಕಚ್ಚಿಕೊಂಡು ಪಕ್ಕದ ಮೇಪಲ್ ಮರದ ಮೂಲಕ ಇಳಿದುಹೋಯಿತು. ಮತ್ತೆ ಬರಲು ಅರ್ಧ ಗಂಟೆ ಹಿಡಿಯಿತು. ಮೂರನೆಯದನ್ನು ಒಯ್ಯುವಾಗ ಒಂದು ಗಂಟೆ ದಾಟಿತ್ತು.

ಮರುದಿನ ತೀರ್ಥಹಳ್ಳಿಗೆ ದೂರವಾಣಿ ಮಾಡಿ ತಾಯಿಯವರಿಗೆ ತಿಳಿಸಿದೆ. ಬಾಗಿಲಿನ ಯುಕ್ತಿಯನ್ನೂ ಕಾನೂನನ್ನೂ ವಿವರಿಸಹೊರಟರೆ ಅವರಿಗೆ ಅದಾವುದರಲ್ಲಿಯೂ ಆಸಕ್ತಿಯಿರಲಿಲ್ಲ. "ಎಷ್ಟು ಮರಿ ಇತ್ತೋ?" ಎಂದು ಕೇಳಿದರು. ಮೂರು ಎಂದೆ. "ಮೂರನ್ನೂ ತಗೊಂಡು ಹೋಯ್ತಾ?" ಎಂದರು. ಹೌದಮ್ಮಾ, ಮೂರನ್ನೂ ತೆಗೆದುಕೊಂಡು ಹೋಯಿತು ಎಂದೆ.